ಬಿಯರ್ಡೆಡ್ ಡ್ರ್ಯಾಗನ್‌ಗೆ ಬಿಸಿಲೂ ಬೇಕು, ನೆರಳೂ ಬೇಕು

ಪ್ರಶ್ನೆ: ಡಾಕ್ಟ್ರೇ, ನಾವು ಚಿಂತಾಮಣಿಯವರು. ಪಿಯುಸಿ ಓದುವ ಮಗ ಬೆಂಗಳೂರಿನಿಂದ ಬಿಯರ್ಡೆಡ್ ಡ್ರ್ಯಾಗನ್ ಅನ್ನುವ, ಓತಿಕ್ಯಾತದಂಥ ಪ್ರಾಣಿಯ ಮರಿ ತಂದಿದ್ದಾನೆ. ಐದು ತಿಂಗಳದ್ದು ಅಂತ ಹೇಳಿದರಂತೆ. ಹಳೆಯ ಎರಡಡಿ ಫಿಶ್ ಟ್ಯಾಂಕಿನಲ್ಲಿ ಮರಳು ಹಾಕಿ ಕಿಟಕಿ ಪಕ್ಕ ಇಟ್ಟಿದ್ದೇವೆ. ಹಗಲಲ್ಲಿ ಕಿಟಕಿಯಿಂದ ಬಿಸಿಲು ಬೀಳುತ್ತದೆ. ರಾತ್ರಿ ಚಳಿಗೆ ಕೆಂಪು ಬಲ್ಬು ಹಾಕುತ್ತೇವೆ. ಒಂದು ವಾರದಿಂದ ಸರಿಯಾಗಿ ತಿನ್ನುತ್ತಿಲ್ಲ. ಮೂಲೆಯಲ್ಲಿ ಕಪ್ಪಾಗಿ ಮಲಗಿರುತ್ತದೆ. ನಮ್ಮೂರ ಸೆಕೆಗೆ ಬೇರೆ ಲೈಟ್ ಬೇಕಾ? ಬಡಗಿಯಿಂದ ಪೆಟ್ಟಿಗೆ ಮಾಡಿಸಬಹುದಾ? ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ. ಅವರಿಗೆ ಇದರಿಂದ ತೊಂದರೆ ಆಗುತ್ತದಾ?

ಉತ್ತರ: ಮೊದಲು ಇವತ್ತೇ ಮಾಡಬೇಕಾದ ಮೂರು ಕೆಲಸ ಹೇಳಿಬಿಡುತ್ತೇನೆ. ಟ್ಯಾಂಕನ್ನು ಕಿಟಕಿಯಿಂದ ದೂರ ಸರಿಸಿ. ಮರಳು ಪೂರ್ತಿ ತೆಗೆದು ನ್ಯೂಸ್ ಪೇಪರ್ ಹಾಸಿ. ರಾತ್ರಿಯ ಕೆಂಪು ಬಲ್ಬು ತೆಗೆದು, ಹಗಲಲ್ಲಿ ಟ್ಯಾಂಕಿನ ಒಂದು ತುದಿಗೆ ಮಾತ್ರ ಬಿಸಿ ಬೀಳುವಂತೆ ಬಿಳಿ ಬೆಳಕಿನ ಬಲ್ಬು ಹಾಕಿ. ಉಳಿದದ್ದನ್ನು ಈ ವಾರ, ಮುಂದಿನ ವಾರ ಮಾಡಿಕೊಳ್ಳಬಹುದು.

ಅದು ಕಪ್ಪಾಗಿ ಮಲಗುತ್ತದೆ ಅಂದಿರಲ್ಲ, ಬಹಳ ಮುಖ್ಯವಾದ ಸುಳಿವು ಅದು. ಈ ಪ್ರಾಣಿ ತನ್ನ ಮೈಯಲ್ಲಿ ತಾನೇ ಶಾಖ ಹುಟ್ಟಿಸಿಕೊಳ್ಳಲಾರದು. ಬಿಸಿ ಸಾಲದಾದಾಗ ಮೈ ಬಣ್ಣ ಕಪ್ಪು ಮಾಡಿಕೊಳ್ಳುತ್ತದೆ, ಯಾಕೆಂದರೆ ಕಪ್ಪು ಮೈ ಶಾಖವನ್ನು ಬೇಗ ಹೀರುತ್ತದೆ. ಹೆದರಿದಾಗಲೂ ಕಪ್ಪಾಗುತ್ತದೆ. ನಿಮ್ಮ ಮರಿಗೆ ಎರಡೂ ಇರಬಹುದು. ಮೈ ಬಿಸಿಯಾಗದಿದ್ದರೆ ತಿಂದದ್ದು ಅರಗುವುದಿಲ್ಲ. ಆಗ ಹಸಿವೂ ಆಗುವುದಿಲ್ಲ. ಹಾಗಾಗಿ ಊಟ ಬದಲಾಯಿಸುವ ಮೊದಲು ಅದರ ಮನೆ ಬದಲಾಯಿಸಬೇಕು.

ಹೇಗಿರಬೇಕು ಆ ಮನೆ? ನಿಮ್ಮ ಕಡೆಯ ಬೆಟ್ಟಗಳಲ್ಲೇ ಇದಕ್ಕೆ ಉತ್ತರ ಇದೆ. ಅಂಬಾಜಿ ದುರ್ಗಕ್ಕೋ ನಂದಿ ಬೆಟ್ಟಕ್ಕೋ ಹೋದಾಗ ಬಂಡೆ ಮೇಲೆ ಕೂತ ಓತಿಕ್ಯಾತ ನೋಡಿರುತ್ತೀರಿ, ಅಲ್ವಾ? ಗಂಡಾದರೆ ಮರಿ ಮಾಡುವ ಕಾಲದಲ್ಲಿ ಬೆನ್ನು ಕೆಂಪು, ಕೆಳಗೆ ಕಪ್ಪು. ಬಿಯರ್ಡೆಡ್ ಡ್ರ್ಯಾಗನ್ ಇದೇ ಕುಟುಂಬಕ್ಕೆ ಸೇರಿದ್ದು. ಆಸ್ಟ್ರೇಲಿಯಾದ ಒಳನಾಡಿನ ಒಣ ಪ್ರದೇಶದ್ದು. ನಿಮ್ಮ ಮಗನನ್ನು ಒಂದು ಬೆಳಿಗ್ಗೆ ಬೆಟ್ಟಕ್ಕೆ ಕಳಿಸಿ, ಸುಮ್ನೆ ಕೂತು ನೋಡಲಿ. ಬಿಸಿಲು ಬಿದ್ದ ತಕ್ಷಣ ಓತಿಕ್ಯಾತ ಬಂಡೆ ಮೇಲೆ ಮೈ ಚಪ್ಪಟೆ ಮಾಡಿ ಕೂರುತ್ತದೆ. ಮೈ ಕಾದ ಮೇಲೆ ಹುಳ ಹುಡುಕಲು ಓಡುತ್ತದೆ. ಬಂಡೆ ಸುಡತೊಡಗಿದಾಗ ಸಂದಿಗೆ ನುಗ್ಗುತ್ತದೆ. ಬಿಸಿಲು ಇಳಿದ ಮೇಲೆ ಮತ್ತೆ ಹೊರಗೆ ಬರುತ್ತದೆ. ದಿನವಿಡೀ ಹೀಗೆ ಬಿಸಿಲಿಗೂ ನೆರಳಿಗೂ ಓಡಾಡಿಯೇ ಅದು ತನ್ನ ಮೈ ಶಾಖ ಸರಿದೂಗಿಸಿಕೊಳ್ಳುತ್ತದೆ.

ಪೆಟ್ಟಿಗೆಯೊಳಗೆ ಆ ಓಡಾಟಕ್ಕೆ ಜಾಗ ಇರಬೇಕು. ಎಲ್ಲ ಕಡೆ ಒಂದೇ ಸಮ ಬಿಸಿ ಇರುವ ಪೆಟ್ಟಿಗೆ ಎಷ್ಟೇ ಚೆಂದ ಇದ್ದರೂ ಪ್ರಯೋಜನವಿಲ್ಲ. ಒಂದು ತುದಿ ಚೆನ್ನಾಗಿ ಕಾಯಬೇಕು, ಇನ್ನೊಂದು ತುದಿ ತಂಪಾಗಿರಬೇಕು, ಎಲ್ಲಿ ಕೂರಬೇಕು ಅನ್ನುವುದು ಅದಕ್ಕೇ ಬಿಟ್ಟದ್ದು. ಬಿಸಿ ತುದಿಯ ಕಲ್ಲಿನ ಮೇಲ್ಮೈ 38ರಿಂದ 42 ಡಿಗ್ರಿ ಸೆಲ್ಸಿಯಸ್ ಇರಲಿ. ತಂಪು ತುದಿ 24ರಿಂದ 28 ಇರಲಿ. ರಾತ್ರಿ 18ರವರೆಗೆ ಇಳಿದರೂ ಆರೋಗ್ಯವಾಗಿರುವ ಪ್ರಾಣಿಗೆ ತೊಂದರೆ ಇಲ್ಲ.

ಈ ಲೆಕ್ಕ ನೋಡಿದರೆ ನಿಮ್ಮ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ. ಏಪ್ರಿಲ್‌ನಲ್ಲಿ ಚಿಂತಾಮಣಿ ನಮಗೆ ಸುಡುತ್ತದೆ ನಿಜ. ಆದರೆ ಮನೆಯೊಳಗಿನ ನೆರಳು 40 ಡಿಗ್ರಿ ಮುಟ್ಟುವುದಿಲ್ಲ. ಡಿಸೆಂಬರ್, ಜನವರಿಯಲ್ಲಂತೂ ಬೆಳಗಿನ ಹೊತ್ತು ನಾವೇ ಸ್ವೆಟರ್ ಹುಡುಕುತ್ತೇವೆ. ಹಾಗಾಗಿ ವರ್ಷಪೂರ್ತಿ ಬಿಸಿ ಬಲ್ಬು ಬೇಕೇ ಬೇಕು. ಬೇಸಿಗೆಯಲ್ಲಿ ತೊಂದರೆ ಉಲ್ಟಾ ಆಗುತ್ತದೆ. ತಂಪು ತುದಿಯೇ 32, 33 ಡಿಗ್ರಿಗೆ ಏರಿಬಿಡುತ್ತದೆ. ಆಗ ಮಧ್ಯಾಹ್ನ ಬಿಸಿ ಬಲ್ಬು ಆರಿಸಿ, ಬೆಳಿಗ್ಗೆ ಮತ್ತು ಸಂಜೆ ಮಾತ್ರ ಹಾಕಿ. ಶೀಟ್ ಹಾಕಿದ ಕೋಣೆಯಲ್ಲಿ ಪೆಟ್ಟಿಗೆ ಇಡಲೇಬೇಡಿ. ಬಿಸಿ ಕಲ್ಲಿನ ಮೇಲೆ ಕೂತು ಬಾಯಿ ತೆರೆದರೆ ಭಯ ಬೇಡ, ಅದು ಜಾಸ್ತಿ ಶಾಖ ಹೊರಹಾಕುವ ರೀತಿ. ತಂಪು ತುದಿಯಲ್ಲಿದ್ದೂ ಬಾಯಿ ತೆರೆದುಕೊಂಡೇ ಇದ್ದರೆ, ಗಾಜು ಕೆರೆಯುತ್ತಿದ್ದರೆ ಪೆಟ್ಟಿಗೆ ಕಾದಿದೆ ಅಂತ ಅರ್ಥ.

ಕೈ ಇಟ್ಟು ನೋಡಿ ಶಾಖ ಅಂದಾಜು ಮಾಡಬೇಡಿ. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಮನೆಯಲ್ಲಿದ್ದರೆ ಅದೂ ಇಲ್ಲಿ ನಡೆಯುವುದಿಲ್ಲ. ಅದು ಮನುಷ್ಯರ ಜ್ವರ ನೋಡಲು ಮಾಡಿದ್ದು, ಅದರ ಅಳತೆ ಬಹಳ ಕಿರಿದು. ವರ್ಕ್‌ಶಾಪ್‌ಗಳಲ್ಲಿ ಬಳಸುವ ಇನ್‌ಫ್ರಾರೆಡ್ ಗನ್ ತಗೊಳ್ಳಿ, ಕಲ್ಲಿನ ಮೇಲ್ಮೈ ಅಳೆಯಲು. ಗಾಳಿಯ ಶಾಖ ನೋಡಲು ವೈರಿರುವ ಎರಡು ಡಿಜಿಟಲ್ ಥರ್ಮಾಮೀಟರ್ ಸಾಕು, ತುದಿಗೊಂದರಂತೆ.

ಈಗ ಬಲ್ಬಿನ ವಿಷಯ. ಬಿಸಿಗೆ ಹ್ಯಾಲೊಜೆನ್ ಬಲ್ಬು ಒಳ್ಳೆಯದು. ಎಷ್ಟು ವ್ಯಾಟ್ ಅನ್ನುವುದು ಪೆಟ್ಟಿಗೆಯ ಎತ್ತರದ ಮೇಲಿದೆ. ಎರಡಡಿ ಎತ್ತರಕ್ಕೆ 75ರಿಂದ 100 ವ್ಯಾಟ್ ಹಾಕಿ, ಜೊತೆಗೆ ಡಿಮ್ಮರ್ ಇಟ್ಟುಕೊಳ್ಳಿ, ಅಳತೆ ನೋಡಿ ಹೆಚ್ಚುಕಡಿಮೆ ಮಾಡಿ. ಹೋಲ್ಡರ್ ಪಿಂಗಾಣಿಯದ್ದೇ ಇರಲಿ, ಪ್ಲಾಸ್ಟಿಕ್ಕಿನದು ಶಾಖಕ್ಕೆ ಕರಗುತ್ತದೆ. ಬಲ್ಬು ಪೆಟ್ಟಿಗೆಯ ಒಳಗೆ ಇದ್ದರೆ ಸುತ್ತ ತಂತಿಯ ಜಾಲರಿ ಹಾಕಿಸಿ. ಮರಿಗಳು ಬೆಳಕಿನ ಕಡೆ ಹಾರಿ ಮೈ ಸುಟ್ಟುಕೊಳ್ಳುತ್ತವೆ. ಕರೆಂಟಿನಿಂದ ಕಾಯುವ ಕೃತಕ ಕಲ್ಲು ಮಾರುತ್ತಾರೆ, ಅದನ್ನು ಕೊಳ್ಳಬೇಡಿ. ಈ ಪ್ರಾಣಿಗೆ ಬಿಸಿ ಮೇಲಿನಿಂದ ಬರುತ್ತದೆ ಅನ್ನುವುದು ಗೊತ್ತು. ಹೊಟ್ಟೆಯ ಕೆಳಗೆ ಸುಡುತ್ತಿದ್ದರೂ ಬೇಗ ಎದ್ದು ಹೋಗುವುದಿಲ್ಲ. ಹೊಟ್ಟೆ ಬೆಂದುಹೋಗುತ್ತದೆ.

ರಾತ್ರಿ ಕತ್ತಲೆ ಇರಬೇಕು. ಕೆಂಪು ಬೆಳಕು ಅದಕ್ಕೆ ಕಾಣಿಸುತ್ತದೆ, ನಿದ್ದೆ ಕೆಡುತ್ತದೆ. ಚಳಿಗಾಲದಲ್ಲಿ ಕೋಣೆ 18ಕ್ಕಿಂತ ಕೆಳಗಿಳಿದರೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಹಾಕಿ, ಶಾಖ ನೋಡಿ ತಾನೇ ಆನ್ ಆಫ್ ಮಾಡುವ ಥರ್ಮೋಸ್ಟ್ಯಾಟ್ ಜೊತೆಗೆ ಮಾತ್ರ. ಬೇಸಿಗೆಯಲ್ಲಿ 12ರಿಂದ 14 ಗಂಟೆ, ಚಳಿಗಾಲದಲ್ಲಿ 10 ಗಂಟೆ ಬೆಳಕು ಸಾಕು. ಇದಕ್ಕೆ ಒಂದು ಟೈಮರ್ ಪ್ಲಗ್ ಇದ್ದರೆ ಯಾರೂ ನೆನಪಿಟ್ಟುಕೊಳ್ಳುವ ಗೋಜಿಲ್ಲ.

ಬಿಸಿ ಬಲ್ಬಿನ ಪಕ್ಕದಲ್ಲೇ ಇನ್ನೊಂದು ಲೈಟ್ ಬೇಕು. ನನ್ನ ಹತ್ತಿರ ಬರುವ ಮರಿಗಳಲ್ಲಿ ಜಾಸ್ತಿ ನೋವು ತರುವುದು ಇದರ ಕೊರತೆಯೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಯುವಿಬಿ ಕಿರಣ ಇರುತ್ತದೆ. ಅದು ಚರ್ಮಕ್ಕೆ ತಾಗಿದಾಗ ಮೈಯಲ್ಲಿ ವಿಟಮಿನ್ ಡಿ3 ತಯಾರಾಗುತ್ತದೆ. ಡಿ3 ಇದ್ದರೆ ಮಾತ್ರ ತಿಂದ ಕ್ಯಾಲ್ಸಿಯಂ ಮೂಳೆಗೆ ಸೇರುತ್ತದೆ. ಇಲ್ಲದಿದ್ದರೆ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆದು ಬಳಸುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲು ನಡುಗುತ್ತದೆ, ಬೆನ್ನು ಸೊಟ್ಟಗಾಗುತ್ತದೆ. ಬೆಳೆಯುವ ಮರಿಗೆ ಇದು ಕೆಲವೇ ತಿಂಗಳಲ್ಲಿ ಆಗಿಬಿಡುತ್ತದೆ. ಸೊಟ್ಟಗಾದ ಮೂಳೆ ಮತ್ತೆ ನೆಟ್ಟಗಾಗುವುದಿಲ್ಲ.

ಕಿಟಕಿ ಬಿಸಿಲು ಬರುತ್ತಲ್ಲ ಅಂತ ನೀವು ಕೇಳಬಹುದು. ಗಾಜು ಬೆಳಕನ್ನು ಬಿಡುತ್ತದೆ, ಯುವಿಬಿಯನ್ನು ಬಿಡುವುದಿಲ್ಲ. ಆದರೆ ಶಾಖವನ್ನು ಒಳಗೆ ಹಿಡಿದಿಡುತ್ತದೆ. ಅಂದರೆ ಬೇಕಾದದ್ದು ಬರುವುದಿಲ್ಲ, ಬೇಡವಾದ ಸೆಕೆ ತುಂಬಿಕೊಳ್ಳುತ್ತದೆ. ನೇರ ಬಿಸಿಲಿಗೆ ಇಟ್ಟ ಗಾಜಿನ ಟ್ಯಾಂಕಿನಲ್ಲಿ ಪ್ರಾಣಿ ಸ್ವಲ್ಪ ಹೊತ್ತಿನಲ್ಲೇ ಸಾಯಬಹುದು. ಅದಕ್ಕೇ ಟ್ಯಾಂಕನ್ನು ಕಿಟಕಿಯಿಂದ ಸರಿಸಿ ಅಂದದ್ದು.

ತರಬೇಕಾದದ್ದು ಯುವಿಬಿ ಕೊಡುವ ಉದ್ದನೆಯ ಟಿ5 (ತೆಳು ಅಳತೆಯ) ಟ್ಯೂಬು. ಪ್ಯಾಕೆಟ್ ಮೇಲೆ ಯುವಿಬಿ 10 ಅಥವಾ 12 ಪರ್ಸೆಂಟ್ ಅಂತ ಇರಬೇಕು. ಆರ್ಕೇಡಿಯಾ, ಝೂ ಮೆಡ್ ಕಂಪನಿಗಳದ್ದು ಆನ್‌ಲೈನ್‌ನಲ್ಲೂ ಸಿಗುತ್ತದೆ. ಪೆಟ್ಟಿಗೆಯ ಉದ್ದದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉದ್ದದ್ದು ತಂದು, ಬಿಸಿ ತುದಿಯ ಕಡೆಗೇ ಹಾಕಿ. ಬೆಳಕು, ಬಿಸಿ, ಯುವಿಬಿ ಮೂರೂ ಒಂದೇ ಕಡೆಯಿಂದ ಬರಬೇಕು, ಬಿಸಿಲು ಬರುವ ಹಾಗೆ. ಅದು ಕೂರುವ ಕಲ್ಲಿನಿಂದ ಟ್ಯೂಬಿಗೆ ಸುಮಾರು 30ರಿಂದ 45 ಸೆಂಟಿಮೀಟರ್ ಅಂತರ ಇರಲಿ, ಪ್ಯಾಕೆಟ್ಟಿನಲ್ಲಿ ಬರೆದ ದೂರವನ್ನೂ ಓದಿಕೊಳ್ಳಿ. ಮಧ್ಯೆ ಗಾಜು, ಅಕ್ರಿಲಿಕ್ ಏನೂ ಬೇಡ. ಜಾಲರಿಯೂ ಒಂದಷ್ಟು ಕಿರಣವನ್ನು ತಡೆಯುತ್ತದೆ. ಟ್ಯೂಬು ಉರಿಯುತ್ತಲೇ ಇದ್ದರೂ ಯುವಿಬಿ ಕಡಿಮೆಯಾಗುತ್ತಾ ಹೋಗುತ್ತದೆ. ವರ್ಷಕ್ಕೊಮ್ಮೆ ಬದಲಾಯಿಸಿ, ಹಾಕಿದ ತಾರೀಖನ್ನು ಟ್ಯೂಬಿನ ತುದಿಗೆ ಪೆನ್ನಿನಲ್ಲಿ ಬರೆದಿಡಿ.

ಒಂದು ಎಚ್ಚರಿಕೆ. ವಾಟರ್ ಫಿಲ್ಟರಿನೊಳಗಿನ ಯುವಿ ಟ್ಯೂಬು, ಕ್ರಿಮಿ ಕೊಲ್ಲಲು ಬಳಸುವ ಯುವಿ ಲೈಟು ಇವೆಲ್ಲ ಬೇರೆಯೇ ಜಾತಿಯ ಕಿರಣ. ಕಣ್ಣನ್ನೂ ಚರ್ಮವನ್ನೂ ಸುಡುತ್ತವೆ, ಪ್ರಾಣಿಯದ್ದೂ ನಿಮ್ಮದೂ. ಯುವಿ ಅಂತ ಇದ್ದ ಮಾತ್ರಕ್ಕೆ ತಂದು ಹಾಕಬೇಡಿ.

ನಿಮ್ಮೂರಲ್ಲಿ ಎಲ್ಲಕ್ಕಿಂತ ಒಳ್ಳೆಯ ಯುವಿಬಿ ಪುಕ್ಕಟೆಯಾಗಿ ಸಿಗುತ್ತದೆ. ಮೋಡವಿಲ್ಲದ ಬೆಳಿಗ್ಗೆ ತಂತಿ ಜಾಲರಿಯ ಪಂಜರದಲ್ಲಿ ಹಾಕಿ, ಅರ್ಧ ಭಾಗಕ್ಕೆ ಗೋಣಿಚೀಲ ಹೊದಿಸಿ, ತಾರಸಿ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಇಡಿ. ಮಗ ಪಕ್ಕದಲ್ಲೇ ಇರಬೇಕು. ಹದ್ದು, ಕಾಗೆ, ಬೆಕ್ಕು, ಕೋತಿ ಯಾವುದಕ್ಕೂ ಅದು ಸುಲಭದ ತುತ್ತು. ಇದು ಟ್ಯೂಬಿಗೆ ಬದಲಿ ಅಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಇರುವುದಿಲ್ಲವಲ್ಲ.

ಬಡಗಿಯ ಕೈಲಿ ಪೆಟ್ಟಿಗೆ ಖಂಡಿತ ಮಾಡಿಸಿ. ನನ್ನ ಅಭಿಪ್ರಾಯದಲ್ಲಿ ಅಂಗಡಿಯ ಗಾಜಿನ ಟ್ಯಾಂಕಿಗಿಂತ ಅದೇ ಒಳ್ಳೆಯದು. ದೊಡ್ಡದಾದ ಮೇಲೆ ಬಾಲ ಸೇರಿ 40ರಿಂದ 60 ಸೆಂಟಿಮೀಟರ್ ಬೆಳೆಯುತ್ತದೆ, ಎಂಟು ಹತ್ತು ವರ್ಷ ಬದುಕುತ್ತದೆ. ಹಾಗಾಗಿ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಈಗಲೇ ಮಾಡಿಸಿ. ಇದಕ್ಕಿಂತ ಚಿಕ್ಕದರಲ್ಲಿ ಬಿಸಿ ತುದಿ, ತಂಪು ತುದಿ ಬೇರೆಬೇರೆಯಾಗಿ ಉಳಿಯುವುದೇ ಕಷ್ಟ. ವಾಟರ್‌ಪ್ರೂಫ್ ಪ್ಲೈವುಡ್ ಸಾಕು. ಒಳಗೆ ಸನ್‌ಮೈಕಾ ಹಾಕಿಸಿದರೆ ಒರೆಸಲು ಸುಲಭ. ಅಂಟು, ಪಾಲಿಶ್ ವಾಸನೆ ಪೂರ್ತಿ ಹೋಗುವವರೆಗೆ ಒಂದೆರಡು ವಾರ ಗಾಳಿಗಿಡಿ, ಆಮೇಲೆ ಪ್ರಾಣಿಯನ್ನು ಬಿಡಿ. ಮುಂದೆ ಅಂಗಡಿ ಶೋಕೇಸಿಗೆ ಇರುತ್ತದಲ್ಲ, ಆ ತರಹ ಪಕ್ಕಕ್ಕೆ ಸರಿಯುವ ಗಾಜು ಹಾಕಿಸಿ, ಬೀಗವೂ ಇರಲಿ. ಮೂರು ಕಡೆ ಮರ ಇರುವುದರಿಂದ ಅದಕ್ಕೆ ಧೈರ್ಯ. ನಾಲ್ಕೂ ಕಡೆ ಗಾಜಿದ್ದರೆ ತನ್ನದೇ ಪ್ರತಿಬಿಂಬವನ್ನು ಇನ್ನೊಂದು ಪ್ರಾಣಿ ಅಂದುಕೊಂಡು ಗಾಬರಿಯಾಗುವುದುಂಟು. ಸದ್ಯಕ್ಕೆ ನಿಮ್ಮ ಫಿಶ್ ಟ್ಯಾಂಕಿನ ಮೂರು ಕಡೆಗೂ ಹೊರಗಿನಿಂದ ಪೇಪರ್ ಅಂಟಿಸಿ.

ಮುಂದಿನಿಂದ ತೆರೆಯುವ ಬಾಗಿಲಿಗೆ ಇನ್ನೊಂದು ಕಾರಣವಿದೆ. ಇದರ ನೆತ್ತಿಯ ಮೇಲೆ ಬೆಳಕು ಗುರುತಿಸುವ ಚುಕ್ಕೆಯಂಥ ಮೂರನೇ ಕಣ್ಣು ಇದೆ. ಮೇಲಿನಿಂದ ನೆರಳು ಬಿದ್ದರೆ ಹದ್ದು ಬಂತು ಅನ್ನುವ ಹಾಗೆ ಬೆದರುತ್ತದೆ. ಫಿಶ್ ಟ್ಯಾಂಕಿಗೆ ಮೇಲಿನಿಂದ ಕೈ ಹಾಕಿದಾಗಲೆಲ್ಲ ಅದಕ್ಕೆ ಇದೇ ಅನುಭವ. ಪೆಟ್ಟಿಗೆಯನ್ನು ಟೇಬಲ್ಲಿನ ಮೇಲೆ ಇಟ್ಟು, ಮುಂದಿನಿಂದ ನಿಧಾನವಾಗಿ ಕೈ ಚಾಚಿ.

ಗಾಳಿಗೆ ತಂಪು ತುದಿಯಲ್ಲಿ ಕೆಳಗೆ, ಬಿಸಿ ತುದಿಯಲ್ಲಿ ಮೇಲೆ ಕಿಂಡಿ ಬಿಡಿಸಿ, ಸಣ್ಣ ಜಾಲರಿ ಹೊಡೆಸಿ. ಬಿಸಿ ಗಾಳಿ ಮೇಲಿನಿಂದ ಹೋಗುತ್ತದೆ, ತಂಪು ಗಾಳಿ ಕೆಳಗಿನಿಂದ ಬರುತ್ತದೆ. ಒಳಗಿನ ತೇವ 30ರಿಂದ 40 ಪರ್ಸೆಂಟ್ ಇದ್ದರೆ ಚೆನ್ನ. ಮಳೆಗಾಲದಲ್ಲಿ ಜಾಸ್ತಿಯಾಗುತ್ತದೆ, ಆಗ ನೀರಿನ ಬಟ್ಟಲನ್ನು ದಿನವಿಡೀ ಇಡದೆ ಒಂದು ಗಂಟೆ ಇಟ್ಟು ತೆಗೆಯಿರಿ. ಚಳಿ ಮತ್ತು ತೇವ ಸೇರಿದರೆ ಎದೆಗೆ ಸೋಂಕು ಬರುತ್ತದೆ.

ಇರುವೆ ಕಾಟ ಇದ್ದರೆ ಟೇಬಲ್ಲಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ನಿಲ್ಲಿಸಿ. ಇರುವೆ ಚಾಕ್ ಪೀಸ್, ಜಿರಲೆ ಸ್ಪ್ರೇ, ಸೊಳ್ಳೆ ಬತ್ತಿ, ಸೊಳ್ಳೆ ಲಿಕ್ವಿಡ್ ಯಾವುದೂ ಆ ಕೋಣೆಯಲ್ಲಿ ಬೇಡ. ಊದಿನಕಡ್ಡಿಯನ್ನೂ ದೇವರ ಕೋಣೆಯಲ್ಲೇ ಹಚ್ಚಿ.

ನೆಲಕ್ಕೆ ಮರಳು ಯಾಕೆ ಬೇಡ? ಮರಿ ಹುಳ ಹಿಡಿಯುವಾಗ ಮರಳೂ ಬಾಯಿಗೆ ಹೋಗುತ್ತದೆ. ಬಿಸಿ ಸಾಲದೆ ಕರುಳು ನಿಧಾನವಾಗಿರುವಾಗ ಅದು ಕಟ್ಟಿಕೊಳ್ಳುತ್ತದೆ. ಕ್ಯಾಲ್ಸಿಯಂ ಮರಳು ಅಂತ ಮಾರುವುದೂ ಅಷ್ಟೇ. ಪೇಪರ್ ಸಾಕು, ಇಲ್ಲವೇ ಪಾಲಿಶ್ ಇಲ್ಲದ ಟೈಲ್ಸ್. ಬಿಸಿ ತುದಿಗೆ ಒರಟು ಮೈಯ ಗ್ರಾನೈಟ್ ತುಂಡು ಇಡಿ. ನಿಮ್ಮ ಜಿಲ್ಲೆಯಲ್ಲಿ ಕಲ್ಲಿಗೇನು ಬರವೇ? ಕಲ್ಲು ಕೊಯ್ಯುವವರ ಹತ್ತಿರ ಉಳಿದ ತುಂಡು ಸಿಗುತ್ತದೆ. ಚೆನ್ನಾಗಿ ತೊಳೆದು ಬಿಸಿಲಲ್ಲಿ ಒಣಗಿಸಿ. ಕಲ್ಲು ಬಿಸಿ ಹಿಡಿದಿಡುತ್ತದೆ, ಉಗುರೂ ಸವೆಯುತ್ತದೆ. ಅಲುಗಾಡದಂತೆ ನೇರವಾಗಿ ಪೆಟ್ಟಿಗೆಯ ನೆಲದ ಮೇಲೇ ಕೂರಿಸಿ. ಹತ್ತಲು ಮಾವು, ಸೀಬೆ ಅಥವಾ ದಪ್ಪನೆಯ ಹಿಪ್ಪುನೇರಳೆ ಕೊಂಬೆ ಹಾಕಬಹುದು. ಕಣಗಿಲೆ, ಎಕ್ಕ, ಕಳ್ಳಿ ಹತ್ತಿರವೂ ತರಬೇಡಿ, ಅವು ವಿಷ. ತಂಪು ತುದಿಯಲ್ಲಿ ಅರ್ಧ ಒಡೆದ ಮಣ್ಣಿನ ಕುಂಡವನ್ನು ಮಗುಚಿ ಹಾಕಿ, ಅಂಚು ಉಜ್ಜಿ ನುಣುಪು ಮಾಡಿ. ಬಚ್ಚಿಟ್ಟುಕೊಳ್ಳಲು ಅಷ್ಟು ಸಾಕು. ಜೊತೆಗೆ ಇನ್ನೊಂದು ಡ್ರ್ಯಾಗನ್ ತರಬೇಡಿ. ಇವು ಒಂಟಿಯಾಗಿ ಇರುವಂಥವು, ಜೊತೆಗಿಟ್ಟರೆ ಬಾಲ, ಬೆರಳು ಕಚ್ಚಿ ತುಂಡು ಮಾಡುತ್ತವೆ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೆ ರೇಷ್ಮೆ ಸೀಮೆಯಲ್ಲಿ ಇದ್ದೀರಿ, ಹೇಳದೆ ಇರಲಾರೆ. ಬೇರೆ ಊರಿನವರು ಹುಡುಕಿಕೊಂಡು ಅಲೆಯುವ ಆಹಾರ ನಿಮ್ಮ ಪಕ್ಕದ ಹಳ್ಳಿಯಲ್ಲಿದೆ. ರೇಷ್ಮೆಹುಳ ಮೆತ್ತಗಿರುತ್ತದೆ, ಸುಲಭವಾಗಿ ಅರಗುತ್ತದೆ, ನೀರಿನಂಶ ಜಾಸ್ತಿ. ಚಾಕಿ, ಅಂದರೆ ಎಳೆ ಹುಳ ಸಾಕುವ ಹಂತ ಮುಗಿದು, ಎರಡನೇ ಜ್ವರ, ಅಂದರೆ ಪೊರೆ ಕಳಚುವ ಹೊತ್ತು ದಾಟಿ ಎದ್ದ ಹುಳ ನಿಮ್ಮ ಮರಿಗೆ ಸರಿಯಾದ ಅಳತೆ. ಮರಿಯ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದಪ್ಪ ಇರುವ ಹುಳ ಕೊಡಬಾರದು. ಶಿಡ್ಲಘಟ್ಟದ ಕಡೆ ಹುಳ ಮೇಯಿಸುವವರು ಪರಿಚಯ ಇದ್ದರೆ ಒಂದು ಹಿಡಿ ಕೇಳಿ ತನ್ನಿ. ಆದರೆ ಹುಳ ಮೇಯುವ ಹಾಸಿಗೆಗೆ ಸುಣ್ಣ ಅಥವಾ ಔಷಧಿ ಪುಡಿ ಉದುರಿಸಿದ ಹುಳ ಬೇಡ. ಹಾಲುತೊಂಡೆ, ಸಪ್ಪೆ ರೋಗ ಬಂದ ಮನೆಯ ಹುಳವೂ ಬೇಡ.

ಹಿಪ್ಪುನೇರಳೆ ಸೊಪ್ಪೂ ಒಳ್ಳೆಯದು. ಹುಳ ಮೇಯುತ್ತಿರುವ ತೋಟದ ಸೊಪ್ಪಾದರೆ ಇನ್ನೂ ಒಳ್ಳೆಯದು, ಯಾಕೆಂದರೆ ಔಷಧಿ ಬಿದ್ದ ಸೊಪ್ಪು ತಿಂದರೆ ರೇಷ್ಮೆಹುಳವೇ ಮೊದಲು ಸಾಯುತ್ತದೆ, ರೈತರು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. ಟೊಮೆಟೊ ಹೊಲ, ದ್ರಾಕ್ಷಿ ತೋಟದ ಅಂಚಿನ ಸೊಪ್ಪು ಬೇಡ. ಅಲ್ಲಿ ಹಿಡಿದ ಮಿಡತೆಯಂತೂ ಬೇಡವೇ ಬೇಡ. ನುಗ್ಗೆಸೊಪ್ಪು, ದಾಸವಾಳದ ಹೂ ಕೊಡಬಹುದು. ಪಾಲಕ್, ದಂಟು ಅಪರೂಪಕ್ಕೆ, ಅವು ಕ್ಯಾಲ್ಸಿಯಂ ಕಟ್ಟಿಹಾಕುತ್ತವೆ. ಬೆಣ್ಣೆಹಣ್ಣು ವಿಷ. ಮಿಣುಕುಹುಳ ಒಂದೇ ಒಂದು ಸಾಕು ಪ್ರಾಣ ತೆಗೆಯಲು. ಅನ್ನ, ಮುದ್ದೆ, ಹಾಲು ಇದರ ಊಟ ಅಲ್ಲ. ಹುಳಕ್ಕೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಿ. ಲೈಟ್ ಆರುವುದಕ್ಕೆ ಎರಡು ಗಂಟೆ ಮೊದಲೇ ಊಟ ಮುಗಿಯಲಿ, ಅರಗಲು ಬಿಸಿ ಬೇಕಲ್ಲ. ಹಗಲಲ್ಲಿ ಕರೆಂಟ್ ಹೋಗುವ ದಿನ ಗೊತ್ತಿದ್ದರೆ ಆ ಹೊತ್ತಿಗೆ ಮುಂಚೆ ಹೊಟ್ಟೆ ತುಂಬಿಸಬೇಡಿ. ಯುಪಿಎಸ್ ಇದ್ದರೆ ಟ್ಯೂಬನ್ನು ಅದಕ್ಕೆ ಹಾಕಿ, ಬಿಸಿ ಬಲ್ಬು ಬ್ಯಾಟರಿ ಬೇಗ ಖಾಲಿ ಮಾಡುತ್ತದೆ.

ನಿಮ್ಮ ಅತ್ತೆಯವರ ವಿಷಯ. ಅದು ಕಚ್ಚಿ ವಿಷ ಏರಿಸುವ ಪ್ರಾಣಿಯಲ್ಲ, ಅವರಿಗೆ ಧೈರ್ಯ ಹೇಳಿ. ಎಚ್ಚರ ಬೇಕಿರುವುದು ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾದ ಬಗ್ಗೆ. ಆರೋಗ್ಯವಾಗಿರುವ ಡ್ರ್ಯಾಗನ್‌ನ ಹಿಕ್ಕೆಯಲ್ಲೂ ಇರಬಹುದು. ವಯಸ್ಸಾದವರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ, ಬಸುರಿಯರಿಗೆ ಇದು ಜೋರಾಗಿ ಕಾಡುತ್ತದೆ. ಮುಟ್ಟಿದವರು ಸೋಪು ಹಾಕಿ ಕೈ ತೊಳೆಯಲಿ. ಅದರ ಬಟ್ಟಲನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ. ಅಡುಗೆಮನೆಯಲ್ಲಿ, ಅತ್ತೆಯವರ ಹಾಸಿಗೆ ಮೇಲೆ ಬಿಡಬೇಡಿ. ಇಷ್ಟು ಪಾಲಿಸಿದರೆ ಒಂದೇ ಮನೆಯಲ್ಲಿ ಇರಬಹುದು.

ಮಗನಿಗೆ ಇನ್ನೊಂದು ಮಾತು ಹೇಳಿ. ಖರೀದಿಯ ರಸೀದಿ ಜೋಪಾನ ಮಾಡಲಿ. ಇದನ್ನು ನೋಡಿ ಆಸೆಯಾಯಿತು ಅಂತ ಯಾರಾದರೂ ಹೊಲದಲ್ಲಿ ಸಿಕ್ಕ ನಕ್ಷತ್ರ ಆಮೆ, ಉಡ ತಂದುಕೊಟ್ಟರೆ ಇಟ್ಟುಕೊಳ್ಳಬಾರದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ಮನೆ ಸರಿಮಾಡಿದ ಮೇಲೆ ಮೂರು ನಾಲ್ಕು ದಿನ ನೋಡಿ. ಬೆಳಿಗ್ಗೆ ಕಲ್ಲಿನ ಮೇಲೆ ಬಂದು ಕೂರಬೇಕು, ಬಣ್ಣ ತಿಳಿಯಾಗಬೇಕು, ಹುಳ ಕಂಡರೆ ತಲೆ ಎತ್ತಬೇಕು. ವಾರಕ್ಕೊಮ್ಮೆ ಅಡುಗೆ ತಕ್ಕಡಿಯಲ್ಲಲ್ಲ, ಬೇರೆ ಡಿಜಿಟಲ್ ತಕ್ಕಡಿಯಲ್ಲಿ ತೂಕ ಬರೆದಿಡಿ. ಆಗಲೂ ತಿನ್ನದಿದ್ದರೆ, ತೂಕ ಇಳಿದರೆ ಡಾಕ್ಟರಿಗೆ ತೋರಿಸಿ. ಕಾಲು ನಡುಗುತ್ತಿದ್ದರೆ ಅಥವಾ ದವಡೆ ಮೆತ್ತಗಿದ್ದರೆ ಈ ಮೂರು ನಾಲ್ಕು ದಿನವೂ ಕಾಯಬೇಡಿ, ನಾಳೆಯೇ ಹೊರಡಿ. ದನ, ನಾಯಿ ನೋಡುವ ಎಲ್ಲರೂ ಇವನ್ನು ನೋಡುವುದಿಲ್ಲ. ಬೆಂಗಳೂರಿನಲ್ಲಿ ಸರೀಸೃಪ ನೋಡುವ ಪಶುವೈದ್ಯರು ಇದ್ದಾರೆ, ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ. ಗಾಳಿಯಾಡುವ ಡಬ್ಬಿಯಲ್ಲಿ ಬಟ್ಟೆ ಹಾಸಿ ಕೂರಿಸಿ, ಕಾರಿನ ಎಸಿ ಗಾಳಿ ನೇರವಾಗಿ ಬೀಳದಿರಲಿ. ಅವತ್ತಿನ ತಾಜಾ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ತಗೊಂಡು ಹೋಗಿ, ಕರುಳಿನ ಪರಾವಲಂಬಿ ಇದೆಯಾ ಅಂತ ನೋಡಲು ಬೇಕು. ಪೆಟ್ಟಿಗೆಯ ಒಂದೆರಡು ಫೋಟೋ, ಟ್ಯೂಬಿನ ಪ್ಯಾಕೆಟ್ಟಿನ ಫೋಟೋ, ಎರಡೂ ತುದಿಯ ಶಾಖ ಬರೆದ ಚೀಟಿ ಜೊತೆಗಿರಲಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.